ಹದಿನಾಲ್ಕನೆಯ ಪ್ರಶ್ನೆ, ಹನ್ನೆರಡನೆಯವರ ರಕ್ತ

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಯಂತ್ರದಿಂದ ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ರಕ್ತದಿಂದ ಶುರು ಮಾಡಿದರೆ ಯಾರೋ ಸಾಯುವ ಕಥೆ ಅಂದುಕೊಳ್ಳುತ್ತೀರಿ. (ಯಾರೂ ಸಾಯುವುದಿಲ್ಲ. ಈಗಲೇ ಹೇಳಿಬಿಟ್ಟಿದ್ದೇನೆ, ಆರಾಮಾಗಿ ಓದಿ.) ನನ್ನಿಂದ ಶುರು ಮಾಡೋಣವೆಂದರೆ ಅದು ತಪ್ಪೊಪ್ಪಿಗೆಯಾಗುತ್ತದೆ. ಮೊದಲ ಪುಟದಲ್ಲೇ ಬೈಸಿಕೊಳ್ಳುವಷ್ಟು ಒಳ್ಳೆಯವಳು ನಾನಲ್ಲ.

ನಿಜ ಹೇಳಬೇಕೆಂದರೆ ನಾನು ಬರೆಯಲು ಕೂತದ್ದು ಒಂದು ಥ್ಯಾಂಕ್ಸ್ ಕಾಗದ. ಯಾರಿಗೆ ಬರೆಯಬೇಕೋ ಅವರ ಹೆಸರು ನನಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ವಿಳಾಸ ಇದ್ದಿದ್ದರೆ ಒಂದು ಕಾರ್ಡು ಹಾಕಿ ಸುಮ್ಮನಿರುತ್ತಿದ್ದೆ. ಇಲ್ಲದ್ದರಿಂದ ಕಥೆಯ ಉಸಾಬರಿ.

೧

ಮೊದಲ ಡ್ರಾಫ್ಟು ಹೀಗಿತ್ತು: 'ಬನ್ನಿಮಂಟಪದ ಸುಂದರಮ್ಮನವರಿಗೆ ಆ ದಿನ ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆಯಲು ಆಗಲಿಲ್ಲ. ಬೆರಳಿನ ಗಿಣ್ಣುಗಳು ಊದಿಕೊಂಡು ಮಡಚಲು ಬರುತ್ತಿರಲಿಲ್ಲ.'

ಚೆನ್ನಾಗಿದೆ ಅನ್ನಿಸಿತು. ತೆಗೆದುಕೊಂಡು ಹೋಗಿ ನಿಶ್ಚಿತಾಳಿಗೆ ಓದಿಸಿದೆ. ನಿಶ್ಚಿತಾ ನಮ್ಮ ಯೂನಿವರ್ಸಿಟಿಯ ಸಂಶೋಧನಾ ಕೇಂದ್ರದಲ್ಲಿ ರಕ್ತದ ಕೋಶಗಳನ್ನು ಒಂದೊಂದಾಗಿ ಓದುವ ಮಾಸ್ ಸೈಟೋಮೆಟ್ರಿ ಯಂತ್ರ ನಡೆಸುವ ಹುಡುಗಿ. ಅದೇ ಯಂತ್ರದ ಮೇಲೆ ಪಿಎಚ್‌ಡಿ ಕೂಡ ಮಾಡುತ್ತಿದ್ದಾಳೆ. ಮಾತು ಕಮ್ಮಿ, ನೆನಪು ಜಾಸ್ತಿ. ಓದಿದವಳೇ ಹೆಸರು ಹೊಡೆದು ಹಾಕಿ ಅಂದಳು. ಅದು ನಾನು ಕಟ್ಟಿದ ಹೆಸರು ಕಣೇ ಅಂದೆ. ಕಟ್ಟಿದ್ದೇ ನಿಜವಾಗಿಬಿಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದಳು. ಬನ್ನಿಮಂಟಪದಲ್ಲಿ ಸುಂದರಮ್ಮ ಅನ್ನುವವರು ಒಬ್ಬರೇ ಇರುತ್ತಾರಾ, ಅವರಲ್ಲಿ ಯಾರಾದರೂ ನಮ್ಮ ಸಂಶೋಧನೆಗೆ ರಕ್ತ ಕೊಟ್ಟಿದ್ದರೆ? ಕೊಟ್ಟಿದ್ದಾರಾ ಅಂತ ನಾನು ಆಸೆಯಿಂದ ಕೇಳಿದೆ. ತನಗೂ ಗೊತ್ತಿಲ್ಲ ಅಂದಳು. ಅವಳ ಕೈಗೆ ಬರುವ ಸೀಸೆಯ ಮೇಲೆ ಹೆಸರಿರುವುದಿಲ್ಲ, ನಂಬರ್ ಇರುತ್ತದೆ. ಈ ಕಥೆಯ ನಾಯಕಿಯ ನಂಬರ್ ಹನ್ನೆರಡು.

ಹೆಸರಿನ ಪಟ್ಟಿ ಇರುವುದು ಆಸ್ಪತ್ರೆಯಲ್ಲಿ, ಬಿಂದು ಎಂಬಾಕೆಯ ಬೀರುವಿನಲ್ಲಿ. ರೋಗಿಗಳನ್ನು ಮಾತಾಡಿಸಿ, ಒಪ್ಪಿಗೆ ಪಡೆದು, ರಕ್ತ ತೆಗೆಸಿ ನಂಬರ್ ಹಾಕಿ ಕಳಿಸುವುದು ಬಿಂದು. ಆಕೆ ಬಾಯಿ ಬಿಡುವ ಪೈಕಿ ಅಲ್ಲ.

೨ (ಎರಡನೆಯ ಡ್ರಾಫ್ಟು, ಇದೂ ಕೆಟ್ಟಿತು)

ಸುಂದರಮ್ಮನವರನ್ನು ಮನೆಗೆ ಕಳಿಸಿ, ಪ್ರೇಮಲೀಲಾ ಎಂಬುವರನ್ನು ಕರೆದುಕೊಂಡು ಬಂದೆ. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಸಣ್ಣ ಸಣ್ಣ ತಿರುಪು ಕೂರಿಸುವ ಕೆಲಸ. ಫಸ್ಟ್ ಶಿಫ್ಟು. ಬಸ್ಸಿನ ಕಂಬಿ ಹಿಡಿಯಲು ಆಗದೆ ಮೊಣಕೈಯನ್ನು ಕಂಬಿಗೆ ಸುತ್ತಿಕೊಂಡು ನಿಲ್ಲುತ್ತಾರೆ. ಮೂರು ಪುಟ ಅವರನ್ನು ಅಳುವಂತೆ ಮಾಡಿದೆ. ನಾಲ್ಕನೆಯ ಪುಟದಲ್ಲಿ ಆಯಮ್ಮ ತಿರುಗಿ ಬಿದ್ದರು.

"ಏನ್ ಕಣಮ್ಮ, ನಾನು ಬರೀ ಅಳೋಳಾ? ಕ್ಯಾಂಟೀನಲ್ಲಿ ನಾನು ನಗಾಡಿದ್ರೆ ಸೂಪರ್‌ವೈಸರ್ ಎದ್ದ್ ಬತ್ತಾನೆ. ಅದನ್ ಯಾಕ್ ಬರೀಲಿಲ್ಲ?"

ಕಟ್ಟಿದ ಪಾತ್ರದ ಕೈಯಲ್ಲಿ ಬೈಸಿಕೊಳ್ಳುವುದು ಎಷ್ಟು ಅವಮಾನ ಅಂತ ಬರೆಯುವವರಿಗೇ ಗೊತ್ತು. ನೋವಿದ್ದವರೆಲ್ಲ ಇಡೀ ದಿನ ನೋವಾಗಿಯೇ ಇರುತ್ತಾರೆ ಅಂದುಕೊಂಡಿದ್ದೆ. ಮೂರೂ ಪುಟ ಹರಿದೆ. ಮುಂದಕ್ಕೆ ಅವರನ್ನು ಹನ್ನೆರಡನೆಯವರು ಎಂದೇ ಕರೆಯುತ್ತೇನೆ. ಸ್ವಲ್ಪ ಒಣಕಲು ಅನ್ನಿಸಬಹುದು, ಸಹಿಸಿಕೊಳ್ಳಿ.

೩

ಯಂತ್ರ. ಬೇಜಾರಾದರೆ ಈ ಪ್ಯಾರಾ ಹಾರಿಸಿ, ಆಮೇಲೆ ಅರ್ಥವಾಗಲಿಲ್ಲ ಅಂತ ನನ್ನ ಮೇಲೆ ರೇಗಬೇಡಿ. ನಮ್ಮ ರಕ್ತದಲ್ಲಿ ಹತ್ತಾರು ಬಗೆಯ ಜೀವಕೋಶಗಳಿವೆ, ನೋಡಲು ಮಾತ್ರ ಹೆಚ್ಚುಕಮ್ಮಿ ಒಂದೇ ಥರ. ಯಾವುದು ಯಾವುದೆಂದು ತಿಳಿಯಲು ನಿಶ್ಚಿತಾ ಒಂದೊಂದು ಗುರುತಿಗೂ ಒಂದೊಂದು ಅಪರೂಪದ ಲೋಹ ಅಂಟಿಸುತ್ತಾಳೆ, ಬಗೆಬಗೆಯ ಕಾಲುಂಗುರ ತೊಡಿಸಿದ ಹಾಗೆ. ಆಮೇಲೆ ಕೋಶಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗಿ ಆರ್ಗಾನ್ ಅನಿಲದ ಉರಿಯಲ್ಲಿ ಬೀಳುತ್ತವೆ. ಬಿದ್ದದ್ದು ಆವಿ. ಉಳಿದ ಲೋಹವನ್ನು ಯಂತ್ರ ಅಳೆದು, ಸುಟ್ಟುಹೋದ ಕೋಶ ಇಂಥದ್ದಾಗಿತ್ತು ಎಂದು ಹೇಳುತ್ತದೆ. ಲಕ್ಷಗಟ್ಟಲೆ ಕೋಶ, ಒಂದೊಂದರ ಜಾತಕವೂ ಬೇರೆ ಬೇರೆ. ಆದರೆ ಒಮ್ಮೆ ಓದಿದ ರಕ್ತ ಮತ್ತೆ ಸಿಗುವುದಿಲ್ಲ.

ನಿಶ್ಚಿತಾಳ ಕೆಲಸ ಕೀಲುವಾತದವರ ಮೇಲೆ. ಹೊಸ ಔಷಧಿ ಶುರು ಮಾಡುವ ಮುಂಚೆ ಒಮ್ಮೆ ರಕ್ತ, ಆರು ತಿಂಗಳು ಔಷಧಿ ತೆಗೆದುಕೊಂಡ ಮೇಲೆ ಇನ್ನೊಮ್ಮೆ. ಎರಡನ್ನೂ ಪಕ್ಕಪಕ್ಕ ಇಟ್ಟು ಏನು ಬದಲಾಯಿತು, ಯಾರಿಗೆ ಔಷಧಿ ಹಿಡಿಯಿತು, ಯಾಕೆ ಹಿಡಿಯಿತು ಎಂದು ನೋಡುವುದು. ಕನಿಷ್ಠ ಹನ್ನೆರಡು ಜನರ ಜೋಡಿ ಬೇಕು. ಒಪ್ಪಿದವರೂ ಹನ್ನೆರಡೇ ಜನ. ಒಬ್ಬರು ಕಮ್ಮಿಯಾದರೂ ಮೂರು ವರ್ಷದ ಕೆಲಸ ಹೋಯಿತು. ಒಬ್ಬೊಬ್ಬರದೂ 'ಮುಂಚಿನ' ರಕ್ತ ಎರಡು ಸೀಸೆ ಮಾತ್ರ ಹೆಪ್ಪುಗಟ್ಟಿಸಿ ಇಟ್ಟಿದ್ದರು. ಮೊದಲ ಗುಳಿಗೆ ನುಂಗಿದ ಮೇಲೆ ಆ 'ಮುಂಚೆ' ಅನ್ನುವುದನ್ನು ಯಾವ ಬ್ರಹ್ಮನೂ ವಾಪಸು ತರಲಾರ.

ಈ ಸಂಶೋಧನೆಯಿಂದ ರಕ್ತ ಕೊಟ್ಟವರಿಗೆ ಏನೂ ಸಿಗುವುದಿಲ್ಲ. ಒಪ್ಪಿಗೆ ಪತ್ರದ ಎರಡನೆಯ ಪುಟದಲ್ಲಿ ಹಾಗಂತ ಸ್ಪಷ್ಟವಾಗಿ ಬರೆದಿದೆ. ಬರೆದವಳು ನಾನೇ.

೪

ಸರಿ, ಇನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಾನು ಬರಬೇಕಾದ ಜಾಗ ಬಂತು.

ನಾನು ಒಂಟಿಕೊಪ್ಪಲಿನವಳು. ಕಥೆ ಬರೆಯುತ್ತೇನೆ. ಹೊಟ್ಟೆಪಾಡಿಗೆ ಮೂವತ್ತು ವರ್ಷದಿಂದ ಪ್ರೆಸ್ಸೊಂದರಲ್ಲಿ ಬೇರೆಯವರ ಕರಡು ತಿದ್ದುತ್ತೇನೆ. ನನ್ನ ಕೈಗೆ ಸಿಕ್ಕ ಯಾವ ಹಸ್ತಪ್ರತಿಯೂ ಬಂದಷ್ಟೇ ಉದ್ದವಾಗಿ ಹೊರಗೆ ಹೋಗಿಲ್ಲ. ಹೇಳಿದ್ದನ್ನೇ ಹೇಳಿದರೆ ನನಗೆ ಮೈ ಉರಿಯುತ್ತದೆ. ಸಂಶೋಧನಾ ಕೇಂದ್ರದವರು ಒಪ್ಪಿಗೆ ಪತ್ರ, ಆರೋಗ್ಯದ ಪ್ರಶ್ನಾವಳಿ ಎರಡನ್ನೂ ಜನಕ್ಕೆ ಅರ್ಥವಾಗುವ ಕನ್ನಡಕ್ಕೆ ಮಾಡಿಕೊಡಿ ಅಂತ ಕೇಳಿದಾಗ ಹಿಗ್ಗಿದೆ. ಮಾಡಿಯೂ ಕೊಟ್ಟೆ.

ಇಂಗ್ಲಿಷಿನ ಪ್ರಶ್ನಾವಳಿಯಲ್ಲಿ ಹತ್ತೊಂಬತ್ತು ಪ್ರಶ್ನೆ. ಒಂಬತ್ತನೆಯದು: ಇತ್ತೀಚೆಗೆ ಯಾವುದಾದರೂ ಔಷಧಿ ಅಥವಾ ಇಂಜೆಕ್ಷನ್ ತೆಗೆದುಕೊಂಡಿದ್ದೀರಾ? ಹದಿನಾಲ್ಕನೆಯದು: ಸ್ಕ್ಯಾನ್ ಮಾಡಿಸುವಾಗ ಚಿತ್ರ ಸ್ಪಷ್ಟವಾಗಿ ಬರಲೆಂದು ಇಂಜೆಕ್ಷನ್ ಕೊಟ್ಟಿದ್ದರೇ, ಯಾವಾಗ? ಅಯ್ಯೋ, ಇಂಜೆಕ್ಷನ್ ವಿಷಯ ಆಗಲೇ ಕೇಳಿ ಆಯಿತಲ್ಲ ಅನ್ನಿಸಿತು. ಪುನರುಕ್ತಿ. ಕೆಂಪು ಪೆನ್ನಿನಲ್ಲಿ ಒಂದು ಗೀಟು. ನನ್ನ ಕನ್ನಡದಲ್ಲಿ ಹದಿನೆಂಟೇ ಪ್ರಶ್ನೆ ಉಳಿದವು. ಕನ್ನಡದ್ದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಬೇಕೆಂದು ನಿಯಮವಿದೆ, ಆ ಕೆಲಸವನ್ನೂ ನನಗೇ ಕೊಟ್ಟರು. ನಾನು ಹದಿನೆಂಟಕ್ಕೆ ಹದಿನೆಂಟನ್ನೂ ನಿಷ್ಠೆಯಿಂದ ತಿರುಗಿಸಿದೆ. ಇಂಥ ಫಾರಂಗಳನ್ನು ಪರಿಶೀಲಿಸುವ ಕಮಿಟಿಯವರು ಓದಲು ಬಹಳ ಸರಳವಾಗಿದೆ ಎಂದು ಹೊಗಳಿದರು. ಆ ಮೇಲ್ ಇನ್ನೂ ಇಟ್ಟುಕೊಂಡಿದ್ದೇನೆ, ಹೊಗಳಿಕೆಗಲ್ಲ.

(ನೀವೀಗ ಮುಂದಿನದನ್ನು ಊಹಿಸಿರುತ್ತೀರಿ. ಬುದ್ಧಿವಂತರು. ನನಗೆ ಊಹೆ ಆಗಲಿಲ್ಲ ನೋಡಿ.)

೫

ಮೊದಲ ಸೀಸೆಗಳನ್ನು ಓದಿಸುವ ವಾರ ನಿಶ್ಚಿತಾ ನನ್ನನ್ನೂ ಕರೆದಿದ್ದಳು. ಫಾರಂ ಬರೆದವರು ಯಂತ್ರವನ್ನೂ ನೋಡಲಿ ಎಂದು. ಗಾಜಿನ ಆಚೆ ಸ್ಟೂಲು ಹಾಕಿ ಕೂರಿಸಿದಳು. ಹನ್ನೊಂದು ಜನರದ್ದು ಸರಿಯಾಗಿ ಬಂತು. ಪರದೆಯ ಮೇಲೆ ಚುಕ್ಕಿಗಳು ಇಲ್ಲೊಂದು ಗುಂಪು, ಅಲ್ಲೊಂದು ಗುಂಪು. ಹನ್ನೆರಡನೆಯವರದು ಬಂದಾಗ ಆರು ಸಾಲುಗಳು ಒಂದೇ ಸಮ ತುಂಬಿಹೋದವು. ಗ್ಯಾಡೋಲಿನಿಯಂ ಎಂಬ ಒಂದೇ ಲೋಹದ, ತೂಕದಲ್ಲಿ ಬೇರೆ ಬೇರೆಯಾದ ಆರು ಬಗೆಗಳ ಸಾಲುಗಳು. ಅಲ್ಲಿ ಕೆಲವು ಕೋಶಗಳು ಮಾತ್ರ ಕಾಣಬೇಕಿತ್ತು. ಕಂಡದ್ದು ಎಲ್ಲವೂ. ನಿಲ್ಲಿಸುವಷ್ಟರಲ್ಲಿ ಸೀಸೆ ಖಾಲಿಯಾಗಿತ್ತು.

ನಿಶ್ಚಿತಾ ಗ್ಲೌಸ್ ತೆಗೆದು ಎರಡೂ ಕೈ ನೋಡಿಕೊಂಡಳು. ತಾನೇ ಏನೋ ಚೆಲ್ಲಿದ್ದೇನೆ, ಒಂದರ ಬದಲು ಇನ್ನೊಂದು ಹಾಕಿದ್ದೇನೆ ಎಂದೇ ತೀರ್ಮಾನಿಸಿದಳು. ಎರಡು ದಿನ ಪ್ರತಿ ಬಾಟಲಿ, ಪ್ರತಿ ನಳಿಗೆ ತೆಗೆದು ತೆಗೆದು ಪರೀಕ್ಷೆ ಮಾಡಿದಳು. ರೋಗಿಯ ಮೈಯಲ್ಲೇ ಆ ಲೋಹ ಇದ್ದಿರಬಹುದಾ ಎಂದು ನಾನು ಮೊದಲ ದಿನವೇ ಕೇಳಿದ್ದೆ. ಇರಬಹುದು, ಎಂಆರ್‌ಐ ಸ್ಕ್ಯಾನಿಗೆ ಅದನ್ನೇ ಚುಚ್ಚುತ್ತಾರೆ ಅಂದಳು. "ಆದ್ರೆ ಅದನ್ನ ಫಾರಂನಲ್ಲಿ ಕೇಳಿರ್ತೀವಲ್ಲ ಆಂಟಿ. ಅವ್ರು ಹೌದು ಅಂದಿಲ್ಲ. ಅಂದ್ರೆ ತಪ್ಪು ನಂದೇ."

ನನ್ನ ಕೆಂಪು ಗೀಟು ಕಣ್ಣ ಮುಂದೆಯೇ ಇತ್ತು. ಆ ಕ್ಷಣವೇ ಹೇಳಿದೆ ಎಂದು ಬರೆದರೆ ನಿಮಗೆ ನನ್ನ ಮೇಲೆ ಗೌರವ ಬರುತ್ತದೆ. ಹಾಗೊಂದು ಡ್ರಾಫ್ಟನ್ನೂ ಬರೆದಿದ್ದೆ. ಅದು ಸುಳ್ಳು. ನಾನು ಮನೆಗೆ ಬಂದೆ. ಒಂದು ದಿನ ಹೋಗಲಿಲ್ಲ, ತಲೆನೋವು ಅಂತ ಮೆಸೇಜು ಹಾಕಿದೆ. ಆ ಹುಡುಗಿ ಅಲ್ಲಿ ತನ್ನ ಕೈಗಳನ್ನೇ ಅನುಮಾನಿಸುತ್ತಾ ಬಾಟಲಿ ತೊಳೆಯುತ್ತಿರುವಾಗ ನಾನು ಇಲ್ಲಿ ಯಾರದ್ದೋ ಕಾದಂಬರಿಯ ಅಲ್ಪವಿರಾಮ ಸರಿ ಮಾಡುತ್ತಾ ಕೂತಿದ್ದೆ.

ಮೂರನೆಯ ದಿನ ಹೋದಾಗ ನಿಶ್ಚಿತಾ ಬಿಂದುಗೆ ಫೋನ್ ಮಾಡಿದ್ದಳು, ಯಾವುದಕ್ಕೂ ಆ ರೋಗಿಯನ್ನು ಇನ್ನೊಂದು ಸಲ ಕೇಳಿಬಿಡಿ ಎಂದು. ನಾನು ಅಲ್ಲಿರುವಾಗಲೇ ಬಿಂದು ತಿರುಗಿ ಫೋನ್ ಮಾಡಿದಳು. ಸ್ಪೀಕರಿನಲ್ಲಿತ್ತು. ಹೌದಂತೆ, ರಕ್ತ ಕೊಡುವುದಕ್ಕೆ ಎರಡು ದಿನ ಮುಂಚೆ ಮಣಿಕಟ್ಟಿನ ಸ್ಕ್ಯಾನ್ ಆಗಿತ್ತಂತೆ, ಇಂಜೆಕ್ಷನ್ನೂ ಕೊಟ್ಟಿದ್ದರಂತೆ, ಒಂಬತ್ತನೆಯ ಪ್ರಶ್ನೆ ಕಾಯಿಲೆಗೆ ಕೊಡುವ ಇಂಜೆಕ್ಷನ್ ಬಗ್ಗೆ ಅಂದುಕೊಂಡಿದ್ದರಂತೆ. ಆಮೇಲೆ ಹನ್ನೆರಡನೆಯವರು ಹೇಳಿದ ಒಂದು ಮಾತನ್ನು ಬಿಂದು ಇದ್ದ ಹಾಗೇ ಹೇಳಿದಳು.

"ಯಾರೂ ಕೇಳ್ನಿಲ್ವಲ್ಲ. ಕೇಳಿದ್ರೆ ಹೇಳೇ ಹೇಳ್ತಿದ್ದೆ."

ಈ ಕಥೆಯಲ್ಲಿ ಹನ್ನೆರಡನೆಯವರ ನಿಜವಾದ ಮಾತು ಇದೊಂದೇ. ಇದಕ್ಕೆ ನಾನು ಒಂದು ಅಕ್ಷರ ಸೇರಿಸಿಲ್ಲ, ತೆಗೆದಿಲ್ಲ.

೬

ಆಗ ಹೇಳಿದೆ. ಹದಿನಾಲ್ಕನೆಯ ಪ್ರಶ್ನೆ ತೆಗೆದದ್ದು ನಾನು, ಮರೆತದ್ದಲ್ಲ, ಚೆನ್ನಾಗಿ ಕಾಣಲಿ ಎಂದು ಬೇಕಂತಲೇ ಹೊಡೆದದ್ದು ಅಂದೆ. ಎರಡು ದಿನದಿಂದ ಗೊತ್ತಿದ್ದೂ ಸುಮ್ಮನಿದ್ದೆ ಎಂದೂ ಹೇಳಿದೆ. ಅದನ್ನು ಹೇಳುವುದು ಹೆಚ್ಚು ಕಷ್ಟವಾಯಿತು.

ನಿಶ್ಚಿತಾ ಬೈದಳು ಎಂದು ಬರೆಯುವ ಆಸೆ ನನಗೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳ ಬಾಯಿಂದ ಮೊದಲು ಹೊರಟ ಮಾತು, ಹಾಗಾದರೆ ಉಳಿದ ಹನ್ನೊಂದು ಜನರನ್ನೂ ಈ ಪ್ರಶ್ನೆ ಕೇಳಿಲ್ಲವಲ್ಲ ಎಂದು. ಬಿಂದುಗೆ ಮತ್ತೆ ಫೋನ್ ಮಾಡಿ ಅವರೆಲ್ಲರನ್ನೂ ಕೇಳಲು ಹೇಳಿದಳು (ಅವರಲ್ಲಿ ಯಾರಿಗೂ ಆ ಇಂಜೆಕ್ಷನ್ ಆಗಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು). ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

"ನನ್ನ ಕೈ ಸರಿಯಾಗಿದೆ ಅಂತಾಯ್ತು. ಅಷ್ಟು ಸಾಕು ಆಂಟಿ. ಇನ್ನೊಂದು ಸೀಸೆ ಇದೆ."

ನಿನ್ನ ಹೊಟ್ಟೆ ತಣ್ಣಗಿರಲಿ ಕಣೇ ತಾಯಿ. ಅವತ್ತು ಬಾಯಿಂದ ಹೊರಡಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಡ್ರಾಫ್ಟ್ ಓದುವಾಗ ಹೊಡೆದು ಹಾಕಬೇಡ.

ಎರಡನೆಯ ಸೀಸೆಯಲ್ಲಿ ಇದ್ದದ್ದೂ ಅದೇ ರಕ್ತ, ಅದೇ ಲೋಹ. ಆದ್ದರಿಂದ ಗ್ಯಾಡೋಲಿನಿಯಂ ಅಂಟಿಸಿದ್ದ ಆರು ಗುರುತುಗಳನ್ನೂ ಬೇರೆ ಲೋಹಗಳಿಗೆ ಬದಲಾಯಿಸಬೇಕು. ಒಬ್ಬರಿಗೆ ಒಂದು ಅಳತೆ, ಮಿಕ್ಕವರಿಗೆ ಇನ್ನೊಂದು ಅಂತ ಮಾಡುವಂತಿಲ್ಲ. ಹನ್ನೆರಡೂ ಜನರ ಉಳಿದ ಸೀಸೆಯನ್ನು ಹೊಸ ಕ್ರಮದಲ್ಲೇ ಓದಿಸಬೇಕು. ಕೆಟ್ಟರೆ ಇಡೀ ಕೆಲಸ ಕೆಟ್ಟಂತೆ. ಹನ್ನೊಂದು ಜನಕ್ಕೆ ನಿಲ್ಲಿಸಿ, ಹನ್ನೆರಡನೆಯವರನ್ನು ಬಿಟ್ಟು ಸಣ್ಣದಾಗಿ ಏನಾದರೂ ಬರೆದು ಮುಗಿಸು ಎಂದು ಹಿರಿಯರೊಬ್ಬರು ಸಲಹೆ ಕೊಟ್ಟರಂತೆ. ಅವರ ರಕ್ತ ತಗೊಂಡಿದ್ದೀವಿ ಸಾರ್ ಅಂದಳಂತೆ ಇವಳು.

ಐದು ವಾರ ಹಿಡಿಯಿತು. ಹೊಸ ಗುರುತುಗಳನ್ನು ಪರೀಕ್ಷಿಸಲು ಆರೋಗ್ಯವಂತರ ರಕ್ತ ಬೇಕಾಯಿತು, ನಾನು ಕೈ ಚಾಚಿದೆ. ಅದಕ್ಕೂ ಫಾರಂ ತುಂಬಬೇಕು. ತಿದ್ದಿದ ಫಾರಂ, ಹತ್ತೊಂಬತ್ತು ಪ್ರಶ್ನೆ. ಒಂದನ್ನೂ ಬಿಡದೆ ಉತ್ತರ ಬರೆದೆ. ನಾನು ನಾರ್ಮಲ್ ಅಂತೆ. ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ.

ನಡೆದ ತಪ್ಪಿನ ಬಗ್ಗೆ ಕಮಿಟಿಗೆ ಕಳಿಸುವ ವರದಿಯಲ್ಲಿ ನನ್ನ ಹೆಸರು ಹಾಕಿ ಎಂದು ಹಟ ಹಿಡಿದೆ. 'ಪ್ರಶ್ನಾವಳಿಯಲ್ಲಿ ಲೋಪವಾಗಿತ್ತು' ಎಂದಷ್ಟೇ ಬರೆದರು. ಅಲ್ಲಿ ತಪ್ಪು ಮಾಡಿದವಳಿಗೂ ಹೆಸರಿಲ್ಲ, ತೊಂದರೆ ಅನುಭವಿಸಿದವರಿಗೂ ಇಲ್ಲ.

ಎರಡನೆಯ ಸೀಸೆ ಓದಿಸಿದ ದಿನ ಸ್ಟೂಲಿನ ಮೇಲೆ ಕೂರಲು ನನಗೆ ಧೈರ್ಯವಾಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದೆ. ಯಂತ್ರ ಗುಂಯ್ ಅನ್ನುತ್ತಿತ್ತು. ಆ ಆರು ಸಾಲುಗಳನ್ನು ಅವಳು ಯಾವ ಗುರುತಿಗೂ ಕೊಡದೆ ಖಾಲಿ ಬಿಟ್ಟಿದ್ದಳು. ಮಿಕ್ಕ ಸಾಲುಗಳಲ್ಲಿ ಚುಕ್ಕಿಗಳು ನಿಧಾನಕ್ಕೆ ಗುಂಪು ಕಟ್ಟಿಕೊಂಡವು, ಇಲ್ಲೊಂದು, ಅಲ್ಲೊಂದು. ನಿಶ್ಚಿತಾ ಮಾಸ್ಕು ಕೆಳಗೆಳೆದು "ಬಂತು" ಅಂದಳು. ನಾನು ಕೈ ಮುಗಿದೆ. ಯಾರಿಗೆ ಅಂತ ಕೇಳಬೇಡಿ, ಎದುರಿಗೆ ಇದ್ದದ್ದು ಫ್ರಿಜ್ಜು.

೭

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಜೋಡಿ ಬೇಕು ಅಂದಿದ್ದೆನಲ್ಲ. 'ಮುಂಚಿನದು' ಉಳಿಯಿತು, 'ಆಮೇಲಿನದು' ಬರಬೇಕು. ಆರು ತಿಂಗಳಾದ ಮೇಲೆ ಹನ್ನೆರಡನೆಯವರು ಮನಸ್ಸು ಮಾಡಿ ಬಂದು ಇನ್ನೊಂದು ಸಲ ರಕ್ತ ಕೊಟ್ಟರೆ ಉಂಟು. ಬರದಿದ್ದರೆ ಕೇಳುವ ಹಕ್ಕು ಯಾರಿಗೂ ಇಲ್ಲ. ಯಾವಾಗ ಬೇಕಾದರೂ, ಕಾರಣ ಹೇಳದೆ ಹಿಂದೆ ಸರಿಯಬಹುದು ಎಂದು ಫಾರಂನಲ್ಲಿ ನಾನೇ ಬರೆದಿದ್ದೇನೆ. ಅದೊಂದು ವಾಕ್ಯ ಮಾತ್ರ ಬಹಳ ಚೆನ್ನಾಗಿ ಬಂದಿದೆ.

ನಡೆದದ್ದನ್ನು ಅವರಿಗೆ ಹೇಳಲೇಬೇಕು ಎಂದು ನಾನೂ ನಿಶ್ಚಿತಾಳೂ ಒಂದೇ ಮಾತಿಗೆ ನಿಂತೆವು. ಬಿಂದು ಫೋನ್ ಮಾಡಿ, ಒಂದು ಪ್ರಶ್ನೆ ಕೇಳದೆ ಬಿಟ್ಟದ್ದರಿಂದ ನಿಮ್ಮ ಒಂದು ಸೀಸೆ ರಕ್ತ ವ್ಯರ್ಥವಾಯಿತು, ಇನ್ನೊಂದು ಉಪಯೋಗಕ್ಕೆ ಬಂತು, ತಪ್ಪು ನಮ್ಮದು ಎಂದು ತಿಳಿಸಿದಳು. ಅವರು ಹೂಂ ಅಂದರಂತೆ. ಮತ್ತೆ ಬರುತ್ತೀರಾ ಎಂದಿದ್ದಕ್ಕೆ ನೋಡೋಣ ಅಂದು ಫೋನ್ ಇಟ್ಟರಂತೆ.

ಬಿಂದು ನನಗೂ ಒಂದು ಕೆಲಸ ಹಚ್ಚಿದಳು. ಫಾರಂನ ಸಣ್ಣ ಅಕ್ಷರ ಎಷ್ಟೋ ಜನಕ್ಕೆ ಕಾಣುವುದಿಲ್ಲ, ಓದು ಬಾರದವರೂ ಇರುತ್ತಾರೆ, ಪ್ರತಿ ಸೋಮವಾರ ಬಂದು ಗಟ್ಟಿಯಾಗಿ ಓದಿ ಹೇಳಿ ಅಂದಳು. ಹೋಗುತ್ತಿದ್ದೇನೆ. ಬೇರೆ ಬೇರೆ ಕಾಯಿಲೆಯ ಬೇರೆ ಬೇರೆ ಸಂಶೋಧನೆಯವರೆಲ್ಲ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ನನಗೆ ಹೆಸರು ಹೇಳುವುದಿಲ್ಲ, ನಂಬರೂ ಹೇಳುವುದಿಲ್ಲ. ಅಲ್ಲಿ ಕಂಡದ್ದು ಕೇಳಿದ್ದು ಹೊರಗೆ ಆಡುವುದಿಲ್ಲ ಎಂದು ಮೊದಲ ದಿನವೇ ಸಹಿ ಹಾಕಿಸಿಕೊಂಡರು. ಹಾಗಾಗಿ ಈಗ ಬರುವ ಮೂರು ಅಂತ್ಯಗಳಲ್ಲಿ ಯಾವುದು ನಡೆದದ್ದು, ಎಷ್ಟು ನಡೆದದ್ದು ಎಂದು ನಾನು ಹೇಳಲಾರೆ.

ಅ) ಒಬ್ಬ ಹೆಂಗಸು ಬಂದು ಎದುರಿಗೆ ಕೂರುತ್ತಾರೆ. ಕೈ ಮಡಿಲಲ್ಲಿಟ್ಟುಕೊಂಡಿದ್ದಾರೆ. ಒಂದೊಂದೇ ಪ್ರಶ್ನೆ ಓದುತ್ತೇನೆ. ಹದಿನಾಲ್ಕಕ್ಕೆ ಬಂದಾಗ, ಹೋದ ಸಲ ಇದು ಇರಲಿಲ್ಲ ಅನ್ನುತ್ತಾರೆ. ನಾನು ಫಾರಂ ಕೆಳಗಿಡುತ್ತೇನೆ. "ನಾನೇ ತೆಗೆದುಬುಟ್ಟಿದ್ದೆ ಕಣಮ್ಮ. ತಪ್ಪಾಯ್ತು," ಅನ್ನುತ್ತೇನೆ. ಅವರು ನನ್ನ ಮುಖ ನೋಡುತ್ತಾರೆ, ಫಾರಂ ನೋಡುತ್ತಾರೆ. "ಸರಿ, ಮುಂದಿಂದು ಓದಿ," ಅನ್ನುತ್ತಾರೆ.

ಆ) ಏಳು ಜನ ಹೆಂಗಸರು ಬರುತ್ತಾರೆ. ಏಳೂ ಜನಕ್ಕೆ ಓದುತ್ತೇನೆ. ಹದಿನಾಲ್ಕಕ್ಕೆ ಏಳೂ ಜನ ಇಲ್ಲ ಅನ್ನುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಒಬ್ಬರು ಮಾತ್ರ ಗಂಟಲು ಕಟ್ಟಿದೆಯಲ್ಲ ನಿಮಗೆ, ಬಿಸಿನೀರು ಕುಡೀರಿ ಅನ್ನುತ್ತಾರೆ.

ಇ) ನಾನಿಲ್ಲದ ದಿನ ಬಂದು ಹೋಗುತ್ತಾರೆ.

ಪ್ರೇಮಲೀಲಾ (ಹರಿದು ಹಾಕಿದರೂ ಹೋಗಿಲ್ಲ ಈಯಮ್ಮ) ನಾಲ್ಕನೆಯದೊಂದು ಇದೆಯಲ್ಲ, ಬಾರದೇ ಹೋಗುವುದು, ಅದನ್ನು ಯಾಕೆ ಬರೆಯಲಿಲ್ಲ ಎಂದು ಕೇಳುತ್ತಿದ್ದಾರೆ. ಬರೆಯುವ ಅಗತ್ಯ ಬೀಳಲಿಲ್ಲ. ಹೋದ ತಿಂಗಳು ನಿಶ್ಚಿತಾ ಫೋನ್ ಮಾಡಿದ್ದಳು. ಹೇಳಬಹುದಾದಷ್ಟನ್ನು ಮಾತ್ರ ಹೇಳಿದಳು.

"ಹನ್ನೆರಡು ಜೋಡಿ ಆಯ್ತು ಆಂಟಿ."

ನಾನು ಪ್ರೆಸ್ಸಿನಲ್ಲಿದ್ದೆ. ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

೮

ಇನ್ನು ಆ ಜೋಡಿಗಳಲ್ಲಿ ಏನು ಕಂಡಿತು, ಯಾರಿಗೆ ಔಷಧಿ ಹಿಡಿಯಿತು ಎಂದು ಕೇಳಬೇಡಿ. ನಿಶ್ಚಿತಾ ಇನ್ನೂ ನೋಡುತ್ತಿದ್ದಾಳೆ. ಒಂದು ವರ್ಷವೇ ಆಗಬಹುದಂತೆ. ಏನೂ ಕಾಣದೆಯೂ ಇರಬಹುದಂತೆ. ಹನ್ನೆರಡನೆಯವರು ನನ್ನನ್ನು ಕ್ಷಮಿಸಿದರೋ ಇಲ್ಲವೋ, ಕ್ಷಮಿಸುವಂಥ ದೊಡ್ಡ ವಿಷಯ ಅಂತ ಅವರಿಗೆ ಅನ್ನಿಸಿತೋ ಇಲ್ಲವೋ, ಅದೂ ನನಗೆ ತಿಳಿಯದು.

ಈ ಕಾಗದವನ್ನು ಬಿಂದು ಮೂಲಕ ಕಳಿಸಬಹುದಾ ಎಂದು ಕೇಳಿದೆ. ಆಗಲ್ಲ ಅಂದಳು. ಅಚ್ಚಾದ ಕಥೆಯನ್ನು ಯಾರು ಬೇಕಾದರೂ ಓದಬಹುದಲ್ಲವೇ ಎಂದು ಕೇಳಿದೆ. ಅದಕ್ಕೆ ತಮ್ಮ ಹತ್ತಿರ ನಿಯಮವಿಲ್ಲ ಅಂದಳು.

ಆದ್ದರಿಂದ ಓದುಗರೇ, ಇಷ್ಟು ಹೊತ್ತೂ ನಿಮ್ಮ ಜೊತೆ ತಮಾಷೆ ಮಾಡಿಕೊಂಡು ಬಂದೆ, ಈಗ ಸ್ವಲ್ಪ ಗಂಭೀರವಾಗಿ ಕೇಳಿಸಿಕೊಳ್ಳಿ. ಇದನ್ನು ಹಿಡಿದುಕೊಂಡಿರುವವರು ನೀವೇ ಆ ಹನ್ನೆರಡನೆಯವರಾಗಿದ್ದರೆ, ದಯವಿಟ್ಟು ಹೇಳಬೇಡಿ. ಹೇಳಿದರೆ ನಿಶ್ಚಿತಾ ನನ್ನನ್ನು ಬಿಡುವುದಿಲ್ಲ. ನಿಮಗೆ ಏನೂ ಸಿಗುವುದಿಲ್ಲವೆಂದು ಓದಿ ತಿಳಿದುಕೊಂಡೇ ಮೊದಲ ಸಲ ಕೈ ಕೊಟ್ಟಿರಿ. ನಾವು ಕೆಡಿಸಿದೆವೆಂದು ತಿಳಿದುಕೊಂಡೇ ಎರಡನೆಯ ಸಲ ಬಂದಿರಿ. ತಪ್ಪು ನನ್ನದು. ನಿಮ್ಮಿಂದ ಒಂದು ಹುಡುಗಿಯ ಮೂರು ವರ್ಷ ಉಳಿಯಿತು, ನನ್ನ ಮಾನವೂ ಉಳಿಯಿತು. ತುಂಬಾ ಥ್ಯಾಂಕ್ಸ್ ಕಣಮ್ಮ.

ಈಗ ನೋವು ಹೇಗಿದೆ? ಉತ್ತರ ಕಳಿಸುವಂತಿಲ್ಲ, ಗೊತ್ತು. ಆದರೂ ಕೇಳಬೇಕು ಅನ್ನಿಸಿತು, ಕೇಳಿದೆ.